ಸಹಾಯ ಬೇಕು: ಬೇರೆ ಬೇರೆ ದೇಶದ ಕಸದ ಲೆಕ್ಕ ಹೋಲಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮನೆ ಕಸದ ಮರುಬಳಕೆ ಬಗ್ಗೆ ನಮ್ಮ ಬಡಾವಣೆ ಸಂಘದಲ್ಲಿ ಮಾತಾಡಬೇಕಿದೆ. ಒಂದು ಗ್ರಾಫ್ ಮಾಡೋಣ ಅಂತ ಕೂತವಳು ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಬ್ರಿಟನ್ನಿನ ವೇಲ್ಸ್‌ನಲ್ಲಿ ಒಟ್ಟು ಕಸದಲ್ಲಿ ಮರುಬಳಕೆ ಆಗುವ ಪಾಲು 1990ರ ದಶಕದ ಕೊನೆಯಲ್ಲಿ ಸುಮಾರು 5% ಇತ್ತು, ಈಗ 65% ದಾಟಿದೆ. ಅಲ್ಲಿ ಅಡುಗೆಮನೆ ಕಸಕ್ಕೆ ಬೇರೆ ಡಬ್ಬಿ, ವಾರ ವಾರ ಒಯ್ಯುತ್ತಾರೆ. ಉಳಿದ ಕಸಕ್ಕೆ ಎಷ್ಟೋ ಕಡೆ ಎರಡು ಮೂರು ವಾರಕ್ಕೊಮ್ಮೆ ಮಾತ್ರ ಗಾಡಿ. ಚೀಲ ತುಂಬಿ ನಾತ ಹೊಡೆದರೆ ಜನ ತಾವೇ ಬೇರೆ ಮಾಡುತ್ತಾರೆ, ಅಲ್ವಾ! ಪಕ್ಕದ ಇಂಗ್ಲೆಂಡ್ ಮಾತ್ರ ವರ್ಷಗಳಿಂದ 44%ರ ಆಸುಪಾಸಲ್ಲೇ ನಿಂತಿದೆ. ಅಮೆರಿಕ 1960ರಲ್ಲಿ 6%, 2018ರಲ್ಲಿ 32%. ಜಪಾನ್ ನೋಡಿದರೆ ತಲೆ ಕೆಡುತ್ತದೆ: ಅಷ್ಟು ಶಿಸ್ತಾಗಿ ಬೇರೆ ಮಾಡಿಯೂ ಸುಮಾರು 20%. ಜಾಸ್ತಿ ಕಸ ಸುಡುತ್ತಾರಲ್ಲ, ಅದಕ್ಕೆ.

ಅಮೆರಿಕದ ಲೆಕ್ಕದಲ್ಲಿ ಗೊಬ್ಬರ ಆದದ್ದೂ ಸೇರಿದೆ. ಯುರೋಪ್ ಒಕ್ಕೂಟದ ಹೊಸ ನಿಯಮದಲ್ಲಿ ಸಂಗ್ರಹಿಸಿದ್ದಲ್ಲ, ನಿಜವಾಗಿ ಮರುಬಳಕೆಗೆ ಹೋದದ್ದನ್ನು ಎಣಿಸಬೇಕು. ಇವನ್ನೆಲ್ಲ ಒಂದೇ ಗ್ರಾಫ್‌ನಲ್ಲಿ ಹಾಕಬಹುದಾ? ಅಂಕಿಅಂಶದ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ. ವೇಲ್ಸ್‌ನ ಕಾರ್ಡಿಫ್, ಜಪಾನಿನ ಟೋಕಿಯೊ ಕಡೆ ಇರುವವರು ನಿಮ್ಮ ಬೀದಿಯ ಕಸದ ಕ್ಯಾಲೆಂಡರ್ ಫೋಟೊ ಹಾಕಿದರೆ ಉಪಕಾರ. ಸಭೆ ಭಾನುವಾರ, ಶನಿವಾರದೊಳಗೆ ಸಿಕ್ಕರೆ ಸಾಕು.