ಸಹಾಯ ಬೇಕು: ಟೆಸ್ಟ್‌ಗಷ್ಟೇ ಬೇಕಾದ ಪ್ಯಾಕೇಜುಗಳು ರನ್‌ಟೈಮ್ ಪಟ್ಟಿಯಲ್ಲಿ ಸೇರಿಕೊಂಡಿವೆ

ನಮಸ್ಕಾರ. ನಮ್ಮ ಒಂದು ಪೈಥಾನ್ ಲೈಬ್ರರಿಯ 'ಡಿಪೆಂಡೆನ್ಸೀಸ್' (ಓಡಲು ಬೇಕಾದ ಪ್ಯಾಕೇಜುಗಳ) ಪಟ್ಟಿಯಲ್ಲಿ ರಿಕ್ವೆಸ್ಟ್ಸ್ ಜೊತೆ ಪೈಟೆಸ್ಟ್, ಹೈಪಾಥಿಸಿಸ್ ಎಂಬ ಟೆಸ್ಟ್ ಸಾಧನಗಳೂ ಇವೆ. ಲೈಬ್ರರಿ ಹಾಕಿಕೊಂಡವರಿಗೆಲ್ಲ ಇವು ಸುಮ್ಮನೆ ಇನ್‌ಸ್ಟಾಲ್ ಆಗುತ್ತವೆ. ಅವರ ಪ್ರಾಜೆಕ್ಟ್‌ನಲ್ಲಿ ಬೇರೆ ಪೈಟೆಸ್ಟ್ ಆವೃತ್ತಿ ಬೇಕಿದ್ದರೆ ಪಿಪ್ (ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಸಾಧನ) ಎರಡನ್ನೂ ಹೊಂದಿಸಲಾರದೆ ನಿಲ್ಲುತ್ತದೆ. ಇದು ಬಳಕೆದಾರರಿಗೆ ನಿಜಕ್ಕೂ ಅನ್ಯಾಯ.

ಪೈಟೆಸ್ಟ್, ಹೈಪಾಥಿಸಿಸ್ ಎರಡನ್ನೂ ಪೆಪ್ 735 ಎಂಬ ಪೈಥಾನ್ ಮಾನದಂಡದ 'ಡಿಪೆಂಡೆನ್ಸಿ ಗ್ರೂಪ್ಸ್' ಅಡಿಯಲ್ಲಿ 'ಟೆಸ್ಟ್' ಗುಂಪಿಗೆ ಸರಿಸಿದ್ದೇನೆ. ಈ ಗುಂಪು ವೀಲ್‌ನ (ಪ್ರಕಟವಾಗುವ ಪ್ಯಾಕೇಜ್ ಫೈಲ್‌ನ) ಮೆಟಾಡೇಟಾಗೆ ಹೋಗುವುದಿಲ್ಲ, ಬೇಕಾದದ್ದೂ ಅದೇ. ಪಿಪ್ 25.1ರಿಂದ --ಗ್ರೂಪ್ ಆಯ್ಕೆ ಇರುವುದರಿಂದ ಸಿಐ (ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಕೂಡ ಓಡುತ್ತಿದೆ.

ತೊಡಕು ಇಲ್ಲಿದೆ. ಲೈಬ್ರರಿಯೊಳಗೆ 'ಟೆಸ್ಟಿಂಗ್' ಎಂಬ ಮಾಡ್ಯೂಲ್ ಇದೆ. ಬಳಕೆದಾರರು ತಮ್ಮ ಟೆಸ್ಟ್‌ಗಳಿಗೆ ಅದರ ಫಿಕ್ಸ್‌ಚರ್‌ಗಳನ್ನು (ಟೆಸ್ಟ್‌ಗೆ ಬೇಕಾದ ಸಿದ್ಧತೆ ಮಾಡಿಕೊಡುವ ಕೋಡ್) ತೆಗೆದುಕೊಳ್ಳುತ್ತಾರೆ. ಅದು ಪೈಟೆಸ್ಟ್ ಇಂಪೋರ್ಟ್ ಮಾಡುತ್ತದೆ. ಗುಂಪು ಪ್ರಕಟವಾಗದ ಕಾರಣ ಪೈಟೆಸ್ಟ್ ಇಲ್ಲದವರಿಗೆ 'ಮಾಡ್ಯೂಲ್‌ನಾಟ್‌ಫೌಂಡ್‌ಎರರ್' ದೋಷ ಬರುತ್ತದೆ. ಹಾಗಾಗಿ ಪೈಟೆಸ್ಟನ್ನು 'ಟೆಸ್ಟಿಂಗ್' ಎಂಬ ಎಕ್ಸ್‌ಟ್ರಾದಲ್ಲೂ (ಬೇಕೆಂದು ಕೇಳಿದವರಿಗೆ ಮಾತ್ರ ಇನ್‌ಸ್ಟಾಲ್ ಆಗುವ, ಪ್ರಕಟವಾಗುವ ಪಟ್ಟಿ) ಬರೆಯಬೇಕಾಯಿತು. ಈಗ ಆವೃತ್ತಿಯ ಮಿತಿ ಎರಡು ಕಡೆ ಇದೆ, ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುವುದು ಸುಲಭ.

ಗುಂಪಿನೊಳಗೆ ನಮ್ಮದೇ ಲೈಬ್ರರಿಯನ್ನು ಎಕ್ಸ್‌ಟ್ರಾ ಸಮೇತ ಬರೆಯಬಹುದು. ಆದರೆ ಖಾಲಿ ಎನ್ವಿರಾನ್‌ಮೆಂಟ್‌ನಲ್ಲಿ '-ಇ .' (ಈ ಫೋಲ್ಡರ್‌ನ ಕೋಡನ್ನೇ ಬಳಸು ಎಂಬ ಆಯ್ಕೆ) ಕೊಡದೆ ಗುಂಪನ್ನಷ್ಟೇ ಇನ್‌ಸ್ಟಾಲ್ ಮಾಡಿದರೆ ಪಿಪ್ ಪೈಪಿಐ ಎಂಬ ಸಾರ್ವಜನಿಕ ಪ್ಯಾಕೇಜ್ ಸಂಗ್ರಹದಲ್ಲಿರುವ ಹಳೆಯ ಬಿಡುಗಡೆಯನ್ನು ತರುತ್ತದೆ. ಟೆಸ್ಟ್ ಓಡುವುದು ಅದರ ಮೇಲೆ.

ಪಟ್ಟಿಯನ್ನು ಒಂದೇ ಕಡೆ ಇಟ್ಟು, ಹಳೆಯ ಬಿಡುಗಡೆ ಬರುವುದನ್ನೂ ತಪ್ಪಿಸುವ ದಾರಿ ಯಾರಾದರೂ ಬಳಸುತ್ತಿದ್ದೀರಾ? ಅಥವಾ 'ಟೆಸ್ಟಿಂಗ್' ಮಾಡ್ಯೂಲನ್ನೇ ಪ್ರತ್ಯೇಕ ಪ್ಯಾಕೇಜ್ ಮಾಡುವುದು ಮೇಲೇ? ಈಗಿನ ಬಿಲ್ಡ್ ಬ್ಯಾಕೆಂಡ್ (ಪ್ಯಾಕೇಜ್ ಕಟ್ಟುವ ಸಾಧನ) ಸೆಟಪ್‌ಟೂಲ್ಸ್; ಹ್ಯಾಚ್ಲಿಂಗ್ ಎಂಬ ಇನ್ನೊಂದಕ್ಕೆ ಬದಲಾಯಿಸಲೂ ಸಿದ್ಧ.