ಸಹಾಯ ಬೇಕು: ಹೋಟೆಲ್ ವೈಫೈನಲ್ಲಿ ವೈರ್‌ಗಾರ್ಡ್ ಕೈಕೊಡ್ತಿದೆ

ದೇಶ ಸುತ್ತುತ್ತಾ ಕೆಲಸ ಮಾಡೋರು ದಯವಿಟ್ಟು ನೋಡಿ. ಟ್ರಾವೆಲ್ ರೂಟರ್‌ನಿಂದ ಮನೆಯ ರೂಟರ್‌ಗೆ ವೈರ್‌ಗಾರ್ಡ್ (ಒಂದು ವಿಪಿಎನ್, ಅಂದ್ರೆ ಇಂಟರ್ನೆಟ್ ಮೇಲಿನ ಖಾಸಗಿ ಸುರಂಗ) ಇದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಸಲೀಸು. ಹೋಟೆಲ್ ವೈಫೈನಲ್ಲಿ ಹ್ಯಾಂಡ್‌ಶೇಕ್ (ಎರಡು ತುದಿಗಳ ಮೊದಲ ಪರಿಚಯ) ಆಗುತ್ತೆ, ಪಿಂಗ್ ಹೋಗುತ್ತೆ, ವೆಬ್‌ಪುಟ ಮಾತ್ರ ಅರ್ಧಕ್ಕೇ ನಿಲ್ತಿತ್ತು.

ವಿಪಿಎನ್ ಆಫ್ ಮಾಡಿ ಹೋಟೆಲ್‌ನ ಲಾಗಿನ್ ಪುಟ ಮೊದಲೇ ದಾಟಿಸಿದ್ದೇನೆ. ಹ್ಯಾಂಡ್‌ಶೇಕ್ ಆಗೋದರಿಂದ ವೈರ್‌ಗಾರ್ಡ್‌ನ ಪೋರ್ಟ್, ಯುಡಿಪಿ (ತಲುಪಿತಾ ಅಂತ ಕಾಯದೆ ಡೇಟಾ ಕಳಿಸೋ ವಿಧಾನ) 51820, ಬ್ಲಾಕ್ ಆಗಿಲ್ಲ. ಆದರೆ ಹ್ಯಾಂಡ್‌ಶೇಕ್‌ನ ಮೊದಲ ಸಂದೇಶ ಬರೀ 148 ಬೈಟ್; ಸಣ್ಣದು ದಾಟಿ ದೊಡ್ಡದು ಬೀಳ್ತಿದೆ ಅಂದ್ರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮೇಲೇ ಅನುಮಾನ. ಎರಡೂ ತುದಿಯಲ್ಲಿ ಅದನ್ನ 1420ರಿಂದ 1280 ಬೈಟ್‌ಗೆ ಇಳಿಸಿದ ಮೇಲೆ ಪುಟಗಳು ಪೂರ್ತಿ ಬಂದವು. ವಿಡಿಯೋ ಕಾಲ್ ಮಾತ್ರ ಎರಡೇ ನಿಮಿಷಕ್ಕೆ ಕಡಿದುಹೋಗುತ್ತೆ. ಕೀಪ್‌ಅಲೈವ್ (ಸಂಪರ್ಕ ಜೀವಂತ ಇಡೋ ಸಣ್ಣ ಪ್ಯಾಕೆಟ್) 25 ಸೆಕೆಂಡ್‌ಗೊಮ್ಮೆ ಇದೆ. ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಪ್ಯಾಕೆಟ್‌ನಲ್ಲಿನ ಡೇಟಾ ಗಾತ್ರಕ್ಕೆ ಮಿತಿ ಹಾಕೋದು) ಹೇಳ್ಬೇಡಿ, ಅದು ಟಿಸಿಪಿಗೆ (ತಲುಪಿದ್ದು ಖಚಿತ ಮಾಡ್ಕೊಂಡು ಕಳಿಸೋ ವಿಧಾನ) ಮಾತ್ರ. ಕಾಲ್ ಹೋಗೋದು ಯುಡಿಪಿಯಲ್ಲಿ.

ಹೋಟೆಲ್‌ನೋರು ಯುಡಿಪಿ ವೇಗಕ್ಕೆ ಮಿತಿ ಹಾಕಿದ್ದಾರಾ ಅಂತ ಪರೀಕ್ಷಿಸೋದು ಹೇಗೆ? ಟಿಸಿಪಿ 443 ಪೋರ್ಟ್‌ನಲ್ಲಿ (ಸುರಕ್ಷಿತ ವೆಬ್‌ಪುಟಗಳು ಬಳಸೋದು) ಇನ್ನೊಂದು ವಿಪಿಎನ್ ಆದ ಓಪನ್‌ವಿಪಿಎನ್ ಹಾಕಿದರೆ ಧ್ವನಿ ತಡವರಿಸದೆ ಬರುತ್ತಾ?