ಓನರ್ ಹೂಂ ಅಂದಿದ್ದಾರೆ, ಒಳಬಾಡಿಗೆ ಅಗ್ರಿಮೆಂಟ್ ಹೇಗೆ ಬರೆಸೋದು?

ರಾಜಾಜಿನಗರ_ಬಾಡಿಗೆ: ಎರಡು ಬೆಡ್‌ರೂಮಿನ ಮನೆ, ಬಾಡಿಗೆ 22,000, ಅಡ್ವಾನ್ಸ್ ಒಂದೂವರೆ ಲಕ್ಷ. ಕೆಲಸದ ಮೇಲೆ ಎಂಟು ತಿಂಗಳು ಪುಣೆಗೆ ಹೋಗುತ್ತಿದ್ದೇವೆ. ಸಾಮಾನನ್ನೆಲ್ಲ ಒಂದು ರೂಮಿಗೆ ಹಾಕಿ ಬೀಗ ಜಡಿದು, ಉಳಿದ ಮನೆಯನ್ನು ಪರಿಚಯದ ಗಂಡ ಹೆಂಡತಿಗೆ ಕೊಡುವ ಯೋಚನೆ. ಓನರ್ ಬಾಯಲ್ಲಿ ಒಪ್ಪಿದ್ದಾರೆ. ಕರಾರಿನಲ್ಲಿ ಏನೇನು ಇರಬೇಕು?

ಸುಟ್ಟಕೈ: ಬಾಯಲ್ಲಾ? ನಮ್ಮ ಓನರ್ ಅಜ್ಜನೂ ಬಾಯಲ್ಲೇ ಒಪ್ಪಿದ್ದರು. ಮೂರನೇ ತಿಂಗಳಿಗೆ ತೀರಿಕೊಂಡರು. ಮಗ ಬಂದವನೇ "ನಿಮಗೆ ಯಾರು ಪರ್ಮಿಶನ್ ಕೊಟ್ಟಿದ್ದು?" ಅಂದ. ಹಳೇ ಅಗ್ರಿಮೆಂಟಿನಲ್ಲಿ ಬೇರೆಯವರಿಗೆ ಕೊಡಬಾರದು ಅಂತಲೇ ಇತ್ತು. ಹದಿನೈದು ದಿನದಲ್ಲಿ ಖಾಲಿ. ಪೇಂಟಿಂಗ್‌ಗೆ 18,000, ಗೀಸರ್‌ಗೆ 4,800, ಸಿಂಕ್ ಪೈಪಿಗೆ 1,350 ಹಿಡಿದುಕೊಂಡ. ಒಳಗಿದ್ದ ಹುಡುಗರ 60,000 ಅಡ್ವಾನ್ಸನ್ನು ಕೈಯಿಂದ ವಾಪಸ್ ಕೊಟ್ಟೆ. ಆ ಗೀಸರ್ ನಾನು ತಂದಿದ್ದು, ಗೊತ್ತಾ!

ಮೂರುಸಹಿ: ನಾನು ಓನರನ್ನೂ ಕೂರಿಸಿ ಮೂರೂ ಜನರ ಸಹಿ ಹಾಕಿಸಿದೆ. ಇ-ಸ್ಟಾಂಪ್, ನೋಟರಿ, ಎರಡೂ ಕಡೆ ಸಾಕ್ಷಿ. ನನ್ನ ಕರಾರು ಫೆಬ್ರವರಿಗೆ ಮುಗಿಯುತ್ತಿತ್ತು, ಅವರಿಗೆ ಜನವರಿವರೆಗೆ ಮಾತ್ರ ಬರೆದೆ. ನಮ್ಮದೇ ಮುಗಿದ ಮೇಲೆ ಇನ್ನೊಬ್ಬರಿಗೆ ಕೊಡೋಕೆ ನಮ್ಮ ಹತ್ತಿರ ಏನಿರುತ್ತೆ? ಕರೆಂಟ್ ಮೀಟರಿನ ರೀಡಿಂಗ್, ಫ್ಯಾನು, ಕರ್ಟನ್ ರಾಡು ಎಲ್ಲ ಪಟ್ಟಿ. ಒಂದು ರೂಪಾಯಿ ಜಗಳ ಇಲ್ಲ. ಓದಿ ಸಹಿ ಹಾಕಿದರೆ ಯಾರೂ ಮೋಸ ಹೋಗಲ್ಲ.

ಲೀಸ್_ಕಳೆದವಳು: ಯಾರೂ ಮೋಸ ಹೋಗಲ್ವಾ? ನಾವು ತಿಂಗಳ ಬಾಡಿಗೆ ಇಲ್ಲದೆ, ಒಟ್ಟಿಗೆ ಒಂಬತ್ತು ಲಕ್ಷ ಕೊಟ್ಟು ಲೀಸ್ ಹಾಕಿಸಿಕೊಂಡೆವು. ಕೊಟ್ಟವನು ಓನರೇ ಅಲ್ಲ, ಓನರ್ ಹತ್ತಿರ ತಿಂಗಳ ಬಾಡಿಗೆಗೆ ಹಿಡಿದವನು. ನಾಲ್ಕು ತಿಂಗಳು ಕಟ್ಟಿ ಮಾಯ. ಓನರ್ ಬಾಗಿಲು ಬಡಿದು "ಎರಡು ತಿಂಗಳ ಬಾಡಿಗೆ ಎಲ್ಲಿ?" ಅಂದಾಗಲೇ ನಮಗೆ ಗೊತ್ತಾಗಿದ್ದು. ಸ್ಟಾಂಪ್ ಪೇಪರ್ ನಮ್ಮ ಹತ್ತಿರವೂ ಇತ್ತು. ಅಮ್ಮನ ಬಳೆ ಮಾರಿದ ದುಡ್ಡು ಅದು.

ಮೂರುಸಹಿ: ಮನೆ ಯಾರ ಹೆಸರಲ್ಲಿದೆ ಅಂತ ತೆರಿಗೆ ರಸೀದಿ ಕೇಳಬೇಕಿತ್ತು ಅಷ್ಟೇ.

ಲೀಸ್_ಕಳೆದವಳು: ಕಲಿತೆ ಅಣ್ಣ, ಒಂಬತ್ತು ಲಕ್ಷ ಫೀಸು ಕೊಟ್ಟು. ನಿಮ್ಮ ಕರ್ಟನ್ ರಾಡು ಭದ್ರವಾಗಿರಲಿ.

ಕೋರ್ಟ್_ಗುಮಾಸ್ತ: ಕರ್ನಾಟಕ ಬಾಡಿಗೆ ಕಾಯ್ದೆ 1999ರಲ್ಲಿ ಓನರ್ ಲಿಖಿತ ಒಪ್ಪಿಗೆ ಇಲ್ಲದೆ ಒಳಬಾಡಿಗೆ ಕೊಟ್ಟರೆ ಅದೇ ಖಾಲಿ ಮಾಡಿಸೋಕೆ ಕಾರಣ.

ವಾದಿ: ಆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ದಾಟಿದ ಮನೆಗೆ ಬರೋದೇ ಇಲ್ಲ ಸ್ವಾಮಿ. ಇವರದ್ದು 22,000. ಇಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆ, 108ನೇ ಸೆಕ್ಷನ್. ಕರಾರಿನಲ್ಲಿ ಬೇಡ ಅಂತ ಇಲ್ಲದಿದ್ದರೆ ಒಳಬಾಡಿಗೆ ಕೊಡಬಹುದು.

ಕೋರ್ಟ್_ಗುಮಾಸ್ತ: ಬೇಡ ಅಂತ ಇಲ್ಲದ ಅಗ್ರಿಮೆಂಟನ್ನು ಈ ಊರಲ್ಲಿ ಒಂದು ತೋರಿಸಿ ನೋಡೋಣ. ಒಳಬಾಡಿಗೆಗೆ ಕೊಟ್ಟ ಮೇಲೂ ಓನರ್‌ಗೆ ಕಟ್ಟುವ ಬಾಡಿಗೆಗೆ ಜವಾಬ್ದಾರಿ ಮೊದಲಿನ ಬಾಡಿಗೆದಾರರೇ, ಅದೂ ಅದೇ ಸೆಕ್ಷನ್ನಿನಲ್ಲಿದೆ. ಅರ್ಧ ಓದಬೇಡಿ.

ಸುಟ್ಟಕೈ: ಸೆಕ್ಷನ್ ಬಿಡಿ. ನಾವು ಎಂಟು ತಿಂಗಳಿದ್ದ ಮನೆಗೆ ಯಾಕೆ ಪೇಂಟಿಂಗ್ ದುಡ್ಡು?

ಮನೆ_ನಮ್ದು: ನಾನು ಓನರ್. ಗೋಡೆಗೆ ಸಾಂಬಾರ್ ಒಗ್ಗರಣೆ ಹಾರಿಸಿ, ಬಾಗಿಲಿಗೆ ಮೊಳೆ ಹೊಡೆದು ಹೋಗ್ತಾರೆ. ಪೇಂಟರ್ ಪುಕ್ಕಟೆ ಬರ್ತಾನಾ?

ಸುಟ್ಟಕೈ: ಪೇಂಟೇ ಹೊಡೆಸದೆ ಮುಂದಿನವರಿಗೆ ಕೊಡ್ತೀರಲ್ಲ, ಅದನ್ನೂ ಹೇಳಿ.

ರಾಜಾಜಿನಗರ_ಬಾಡಿಗೆ: ಎಲ್ಲರಿಗೂ ಥ್ಯಾಂಕ್ಸ್. ಓನರ್ ಹತ್ತಿರ ಬರೆಸಿಕೊಳ್ಳುತ್ತೇನೆ. ಆ ಬೀಗ ಹಾಕಿದ ರೂಮಿನ ವಿಷಯ ಕರಾರಿನಲ್ಲಿ ಹೇಗೆ ಬರೀಬೇಕು?

ಮನೆ_ನಮ್ದು: ಸುಟ್ಟಕೈ ಅವರೇ, ಹೋದ ವರ್ಷ ನನಗೆ ಪೇಂಟಿಗೆ ಮೊದಲು ಗೋಡೆಗೆ ಬಳಿಯೋ ಪುಟ್ಟಿಗೇ 11,000 ಆಯ್ತು. ಬಿಲ್ ಇದೆ, ಬೇಕಾ?